ಹೆಸರಿಲ್ಲದ ಹಾಳೆಯ ವರ

ನಮ್ಮವರು ಹೊಸ ಯಂತ್ರ ತೋರಿಸುತ್ತೇನೆ ಎಂದಾಗಲೆಲ್ಲ ನಾನು ಮೊದಲು ಗ್ಯಾಸ್ ಬಂದ್ ಮಾಡಿ ಬರುತ್ತೇನೆ. ಹಿಂದಿನ ಸಲ ಅವರ ಹಪ್ಪಳ ಒಣಗಿಸುವ ಯಂತ್ರ ಪಕ್ಕದ ಮನೆಯವರ ಸೀರೆಗಳನ್ನೂ ಹುರಿದಿತ್ತು. ಈ ಸಲದ್ದು ಸುಡುವ ಪೈಕಿ ಅಲ್ಲ, ಬರೆಯುವ ಪೈಕಿ. ಗದಗಿನಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ನಮ್ಮದೊಂದು ಛಾಪಖಾನೆ. ಅದಕ್ಕೆಂದೇ ‘ಅಕ್ಷರದಾಸ’ನನ್ನು ಕಟ್ಟಿದ್ದರು. ಬಾಯಲ್ಲಿ ಹೇಳಿದರೆ ಸಾಕು, ಹಾಳೆ ತೆರೆದು, ಬರೆದು, ಮೊಬೈಲಿನಲ್ಲಿರುವವರಿಗೆಲ್ಲ ಕಳಿಸಿಯೇ ಬಿಡುತ್ತದೆ.

“ಹಾಳಿಗೆ ಹೆಸರಿಟ್ರ ನೀ ಹೇಳಿದಂಗ ಬರೀತದ,” ಎಂದು ಎದೆಯುಬ್ಬಿಸಿದರು. “ಹೆಸರಿಡದಿದ್ರ ಹೆಂಗ ನಡಕೋಬೇಕು ಅನ್ನೋದನ್ನೂ ಕಲಿಸಿಟ್ಟೀನಿ. ಲಗ್ನದ ಸುಗ್ಗಿ ನೋಡು, ಹೆಸರಿಲ್ಲದ ಹಾಳಿ ಎಲ್ಲಾ ಲಗ್ನಪತ್ರಿಕೆ ಅಂತ ತಿಳಕೋತದ. ಖಾಲಿ ಜಾಗಾ ತಾನಽ ತುಂಬತದ. ಯಾರ ದನೀಲೆ ಹಾಳಿ ತೆರೀತದೋ ಅವರ ಮಾತಷ್ಟಽ ಕೇಳತದ. ನಂದೂ ಕೇಳಂಗಿಲ್ಲ!”

ತಮ್ಮ ಮಾತೇ ಕೇಳದ್ದನ್ನು ಕಟ್ಟಿ ಇಷ್ಟು ಹಿಗ್ಗುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಬರುವ ಗುರುವಾರ ಅವರ ಅರವತ್ತರ ಶಾಂತಿ. ಆಮಂತ್ರಣ ನಾನೇ ಹೇಳಿ ಬರೆಸಬೇಕೆಂದು ಅವರ ಹಟ. ಕೂತೆ. ಹಾಳೆಗೆ ಯಾರ ಹೆಸರು ಎಂದು ಅಕ್ಷರದಾಸ ಕೇಳಿತು. ಮದುವೆಯಾದಾಗಿನಿಂದ ಗಂಡನ ಹೆಸರು ಬಾಯಿಗೆ ತಂದವಳಲ್ಲ ನಾನು. ನಮ್ಮವರದು ಎಂದೆ. ಮತ್ತೆ ಕೇಳಿತು. ಇವರದು ಎಂದು ಕೈ ತೋರಿಸಿದೆ. ಅದಕ್ಕೆ ಕಣ್ಣೆಲ್ಲಿದೆ? ಜೊತೆಗೆ ಹಸೆಯ ಮೇಲೆ ಕೂರುವವರು ಯಾರು ಎಂದಿತು. ನಾನೇ ಎಂದೆ. ಅದೂ ಹೆಸರಲ್ಲವಂತೆ!

ಕ್ಷಣದಲ್ಲಿ ನನ್ನ ಮೊಬೈಲಿನಿಂದ ಊರಿಗೆಲ್ಲ ಪತ್ರಿಕೆ ಹೋಯಿತು. ವರ: ಚಿ. ರಾ. ನಮ್ಮವರು. ವಧು: ಚಿ. ಸೌ. ಕಾಂ. ಚಂಪಾವತಿ. ಆಗಮನಾಭಿಲಾಷಿ: ನಾನೇ.

“ಯಾರ್ರೀ ಈಕಿ ಚಂಪಾವತಿ?”

“ಯಾರೂ ಅಲ್ಲ ಮಾರಾಯ್ತಿ! ಖಾಲಿ ಜಾಗಾ ತುಂಬಲಿಕ್ಕೆ ಇಟ್ಟ ಹೆಸರು.”

ಖಾಲಿ ಜಾಗ ತುಂಬಲು ಲೋಕದಲ್ಲಿ ಬೇರೆ ಹೆಸರಿರಲಿಲ್ಲವೇ ಎಂದು ಕೇಳಿದೆ. ಅವರು ತಂತಿ ಹುಡುಕುವ ನೆವದಲ್ಲಿ ಮೇಜಿನ ಕೆಳಗೆ ಸೇರಿದರು. ನನಗೆ ನಿಜಕ್ಕೂ ಅಳು ಬಂತು.

ಅಷ್ಟರಲ್ಲಿ ಹುಬ್ಬಳ್ಳಿಯಿಂದ ನನ್ನ ಅಣ್ಣ ಫೋನಿನಲ್ಲಿ ಗುಡುಗಿ, ಕಾರು ಹತ್ತಿಯೇಬಿಟ್ಟ. ಲಗ್ನಪತ್ರಿಕೆ ಎಂದಮೇಲೆ ಅಕ್ಷರದಾಸ ಸುಮ್ಮನಿದ್ದೀತೇ? ಬ್ಯಾಂಡಿನವರನ್ನು ಕರೆಸಿತು. ಕುದುರೆ ಕರೆಸಿತು. ಪ್ಲಗ್ ಕಿತ್ತರೆ ಬ್ಯಾಟರಿಯ ಮೇಲೆ ಓಡಿತು. ಅಣ್ಣ ಬಂದಿಳಿಯುವ ಹೊತ್ತಿಗೆ ಕುದುರೆ ನಮ್ಮ ಕಟ್ಟೆಯ ತುಳಸಿ ತಿನ್ನುತ್ತಿತ್ತು. ಅಣ್ಣ ನಮ್ಮವರ ಕೊರಳಪಟ್ಟಿಗೇ ಕೈ ಹಾಕಿದ. ನಾಳೆಯೇ ತಂಗಿಯನ್ನು ತವರಿಗೆ ಕರೆದೊಯ್ಯುತ್ತೇನೆ ಎಂದು ಓಣಿಗೆಲ್ಲ ಕೇಳುವಂತೆ ಸಾರಿದ.

“ವರನ ಹೆಸರು ಹೇಳಿದರೆ ಮಾತ್ರ ಪತ್ರಿಕೆ ತಿದ್ದಲಾಗುವುದು,” ಎಂದಿತು ಅಕ್ಷರದಾಸ.

ನಮ್ಮವರು ತಮ್ಮ ಹೆಸರನ್ನು ಗಂಟಲು ಹರಿಯುವಂತೆ ಕೂಗಿದರು. ಕೇಳಲಿಲ್ಲ. ಹಾಳೆ ನನ್ನ ದನಿಯದು. ಎಲ್ಲರೂ ನನ್ನ ಮುಖ ನೋಡಿದರು. ಸಂಸಾರ ಉಳಿಯಬೇಕಲ್ಲ! ಗಂಡನ ಹೆಸರನ್ನು ನೇರ ಹೇಳಬಾರದು, ಪ್ರಾಸ ಹೊಂದಿಸಿ ಒಡಪು ಕಟ್ಟಿ ಹೇಳಬಹುದು. ಸೆರಗು ಸರಿಮಾಡಿಕೊಂಡೆ.

“ಕಾದ ಎಣ್ಣ್ಯಾಗ ಉಬ್ಬತಾವ ಬಿಸಿಬಿಸಿ ಪುರಿ,
ತಲಿ ತಿಂದ್ರೂ ನನ್ನವರಽ ಈ ಶೇಷಗಿರಿ!”

ಬ್ಯಾಂಡಿನವರು ಡೋಲು ಬಾರಿಸಿಯೇಬಿಟ್ಟರು. ಅಣ್ಣನ ಕೈ ಸಡಿಲಾಯಿತು. ಊರಿಗೆಲ್ಲ ತಿದ್ದುಪಡಿ ಹೋಯಿತು. ನನ್ನ ಸಿಟ್ಟು ಮಾತ್ರ ಇಳಿದಿರಲಿಲ್ಲ. “ಇನ್ನ ಮ್ಯಾಲ ಹೆಸರಿಲ್ಲದ ಹಾಳಿ ಬಂದ್ರ ಇದನ್ನಽ ಬರಿ,” ಎಂದು ಯಂತ್ರಕ್ಕೆ ಗದರಿದೆ. “ಚಂಪಾವತಿ ಗಿಂಪಾವತಿ ಅಂದ್ರ ಒಡದು ಹಾಕ್ತೀನಿ!”

ಅದು ಅಕ್ಷರಶಃ ಪಾಲಿಸುತ್ತಿದೆ. ನಲ್ಲಿಯಲ್ಲಿ ನೀರು ಬರುತ್ತಿಲ್ಲವೆಂಬ ನಮ್ಮ ದೂರೂ ಬಿಸಿಬಿಸಿ ಪುರಿಯಿಂದಲೇ ಶುರುವಾಗಿತ್ತು. ಬರೆಯುವುದು ಸಾಲದೆಂದು, ಹೆಸರಿಲ್ಲದ ಹಾಳೆ ತೆರೆದಾಗಲೆಲ್ಲ ಅಕ್ಷರದಾಸ ಆ ಒಡಪನ್ನು ನನ್ನದೇ ದನಿಯಲ್ಲಿ ಗಟ್ಟಿಯಾಗಿ ಹಾಡುತ್ತದೆ. ಮನೆಯ ಗಡಿಯಾರವನ್ನೂ ದಿನಕ್ಕೆರಡು ಸಲ ಬಿಚ್ಚಿ ರಿಪೇರಿ ಮಾಡುವ ನಮ್ಮವರಿಗೆ, ಅದೊಂದು ದೋಷ ತಿದ್ದಲು ಮಾತ್ರ ಪುರುಸೊತ್ತೇ ಸಿಗುತ್ತಿಲ್ಲವಂತೆ.