ಕರೀ ಚುಕ್ಕೆಗೆ ಹೆದರದ ಮಿಡತೆ

ಮೂರು ಗಂಟೆಗೆ ಪರಿಶೀಲನಾ ಸಮಿತಿ ಬರುವುದಿತ್ತು. ಬೆಳಿಗ್ಗೆ ಹತ್ತಕ್ಕೇ ಮಿಡತೆಮಾಮ ಒಂದು ಸಲ, ಒಂದೇ ಒಂದು ಸಲ, ಗುಂಡಿ ಒತ್ತಿ ನೋಡಿದ್ದೇ ತಪ್ಪಾಯಿತು.

ಕೀಟಗಳ ಪ್ರಯೋಗಾಲಯದಲ್ಲಿ ಹನ್ನೊಂದು ವರ್ಷದಿಂದ ಹಂಗಾಮಿಯಾಗಿ ದುಡಿಯುತ್ತ, ಮಿಡತೆಗಳಿಗೆ ಹುಲ್ಲು ಹಾಕುತ್ತಿದ್ದ ಅವನಿಗೆ ಎಲ್ಲರೂ ಸೇರಿ ಇಟ್ಟ ಹೆಸರದು. "ಇವತ್ತು ಮಿಡತೆ ಚೆನ್ನಾಗಿ ನೆಗೆದ್ರೆ ನಿನ್ನ ಕೆಲಸ ಕಾಯಂ ಮಾಡಿ ಅಂತ ನಾನೇ ಕೇಳ್ತೀನಿ," ಎಂದು ಪ್ರೊಫೆಸರ್ ಮೇಡಂ ಮಾತು ಕೊಟ್ಟಿದ್ದರು. ಅವನ ಹೆಂಡತಿ ಆಗಲೇ ಬೀದಿಗೆಲ್ಲ ಸಾರಿಯಾಗಿತ್ತು.

ಗುಂಡಿ ಒತ್ತಿದ್ದೇ ತಡ, ಮಿಡತೆಯ ಪೆಟ್ಟಿಗೆಯ ಮುಂದಿದ್ದ ಪರದೆಯ ನಡುವೆ ಕರೀ ಚುಕ್ಕೆಯೊಂದು ಹುಟ್ಟಿ, ಮೈಮೇಲೆ ಬೀಳುವಂತೆ ದೊಡ್ಡದಾಯಿತು. ಮಿಡತೆ ಹಿಂಗಾಲು ಮಡಚಿತು, ಮೈಯನ್ನು ಒಂದಿಷ್ಟು ವಾಲಿಸಿತು. ಕಣ್ಣು ಮಿಟುಕಿಸುವುದರೊಳಗೆ ಪೆಟ್ಟಿಗೆಯ ಆಚೆ ತುದಿಯಲ್ಲಿತ್ತು!

"ಅಬ್ಬಬ್ಬಾ!" ಬಾಗಿಲಲ್ಲಿ ನಿಂತಿದ್ದ ಗುಮಾಸ್ತ ಬಾಯಿ ಬಿಟ್ಟ. "ಇದಕ್ಕೆ ಹೇಗಪ್ಪಾ ಗೊತ್ತಾಯ್ತು?"

"ಕಣ್ಣಿನ ಹಿಂದೆ ಒಂದು ನರ ಇದೆ ಸಾರ್. ಏನಾದ್ರೂ ದೊಡ್ಡದಾಗ್ತಾ ಹತ್ರ ಬಂದ್ರೆ ಸಾಕು, ಅದು ಕೂಗಿಕೊಳ್ಳುತ್ತೆ. ಆ ಕೂಗು ಸೀದಾ ಕಾಲಿಗೆ. ಅಕ್ಕಿಕಾಳಿನಷ್ಟಿಲ್ಲ ಮಿದುಳು, ಯಾವ ಕಡೆ ನೆಗೀಬೇಕು ಅಂತ ಅದಕ್ಕೆ ಗೊತ್ತು!" ಸಾವಿರ ಸಲ ನೋಡಿದ್ದರೂ ಮಿಡತೆಮಾಮನ ತೋಳಿನ ಕೂದಲು ನಿಮಿರಿತ್ತು.

"ಇನ್ನೊಂದ್ಸಲ ತೋರ್ಸೋ ಮಾರಾಯಾ."

ತೋರಿಸಿದ. ಗುಮಾಸ್ತನ ಬಾಯಲ್ಲಿ ಮಾತು ನಿಲ್ಲುತ್ತದೆಯೇ? ಕಾವಲುಗಾರ ಬಂದ. ಕ್ಯಾಂಟೀನಿನ ಅಕ್ಕ ಸೌಟು ಹಿಡಿದೇ ಬಂದಳು. ಡ್ರೈವರ್ ತನ್ನ ಅತ್ತೆಯನ್ನೇ ಕರೆತಂದ. ಆಕೆ ಕನ್ನಡಕ ಮರೆತು ಬಂದಿದ್ದಳು, ಅದನ್ನು ತರಿಸಿ ಎಲ್ಲವನ್ನೂ ಮತ್ತೆ ಮೊದಲಿನಿಂದ ತೋರಿಸಬೇಕಾಯಿತು. ಇಲ್ಲ ಅನ್ನಲು ನಮ್ಮ ಮಿಡತೆಮಾಮನಿಗೆ ಎಲ್ಲಿ ಬರುತ್ತದೆ!

ಮೂರಕ್ಕೆ ಸರಿಯಾಗಿ ಸಮಿತಿ ಬಂತು. ಮಿಡತೆಮಾಮ ಗುಂಡಿ ಒತ್ತಿದ. ಚುಕ್ಕೆ ಬೆಳೆಯಿತು, ಪರದೆ ತುಂಬಿತು. ಮಿಡತೆ ಹುಲ್ಲು ಮೇಯುತ್ತಿತ್ತು. ಮತ್ತೆ ಒತ್ತಿದ. ಎಮ್ಮೆಯ ಮೇಲೆ ಮಳೆ ಸುರಿದಂತಾಯಿತು.

"ಏನಾಯ್ತೋ ಇದಕ್ಕೆ?" ಮೇಡಂ ಹಲ್ಲು ಕಚ್ಚಿ ಪಿಸುಗುಟ್ಟಿದರು.

"ತಪ್ಪಾಯ್ತು ಮೇಡಂ. ಬೆಳಿಗ್ಗೆಯಿಂದ ಎಲ್ರಿಗೂ ತೋರಿಸ್ತಾನೇ ಇದ್ದೆ. ಎಂಬತ್ತು ಸಲ ಆಗಿರ್ಬೇಕು."

ವಯಸ್ಸಾದ ಅಧ್ಯಕ್ಷರು ಪೆಟ್ಟಿಗೆಯ ಮುಚ್ಚಳ ತೆಗೆದು ಬಗ್ಗಿದರು. ಕಣ್ಣು ಕೆಟ್ಟಿದೆಯೋ ಕಾಲು ಸೋತಿದೆಯೋ ಎಂದು ಮಿಡತೆಯ ಹಿಂದಿನಿಂದ ಕೈ ತಂದರು. ಚಿಮ್ಮಿತು ನೋಡಿ! ನೆಟ್ಟಗೆ ಅವರ ಮೂಗಿನ ಮೇಲೆ ಹೋಗಿ ಕೂತಿತು.

ಮಿಡತೆಮಾಮ ಕಣ್ಣು ಮುಚ್ಚಿಕೊಂಡ.

"ಯಾರೂ ಅಲ್ಲಾಡ್ಬೇಡಿ," ಎಂದರು ಅಧ್ಯಕ್ಷರು. "ಇದರ ಕಣ್ಣು ಸರಿಯಾಗಿದೆ, ಕಾಲೂ ಸೋತಿಲ್ಲ. ಆ ಚುಕ್ಕೆ ಬರೀ ಬೆದರಿಕೆ ಅಂತ ಕಲಿತುಬಿಟ್ಟಿದೆ! ನಿಜವಾದ ಕೈ ಬಂದಾಗ ನೆಗೆಯಿತು. ಆಹಾ, ಇಷ್ಟು ಪುಟ್ಟ ತಲೆಯಲ್ಲಿ!"

ತನ್ನ ಕೆಲಸದ ಚಿಂತೆಯನ್ನೂ ಮರೆತು ಮಿಡತೆಮಾಮ ಆ ಮೂಗನ್ನೇ ನೋಡುತ್ತ ಕೈ ಮುಗಿದ.

ಅಧ್ಯಕ್ಷರು ಮಿಡತೆಯನ್ನು ಮೆಲ್ಲಗೆ ಪೆಟ್ಟಿಗೆಗೆ ಬಿಟ್ಟು ಅವನ ಹೆಗಲು ತಟ್ಟಿದರು. "ಎಂಬತ್ತು ಸಲ! ಎಂಥಾ ತಾಳ್ಮೆ ಮಾರಾಯಾ! ಮೇಡಂ, ಇದನ್ನ ಸಾವಿರಾರು ಮಿಡತೆಗಳ ಮೇಲೆ ಮಾಡ್ಬೇಕು. ಪಾಪ, ಈ ಮನುಷ್ಯನಿಗೆ ಯಾಕೆ ಶ್ರಮ? ಹುಲ್ಲು ಹಾಕಿ, ಗುಂಡಿಯನ್ನೂ ತಾನೇ ಒತ್ತೋ ಯಂತ್ರ ಬಂದಿದೆ. ಇವರ ಜಾಗಕ್ಕೆ ಅದನ್ನೇ ಮಂಜೂರು ಮಾಡ್ತೀನಿ."

ಹೊರಗೆ ಗುಮಾಸ್ತ ಕಾಯುತ್ತಿದ್ದ. "ಏನಂದ್ರು ಮಾಮ? ಮೆಚ್ಚಿಕೊಂಡ್ರಾ?"

"ತುಂಬಾ. ಇನ್ನು ವಿಶ್ರಾಂತಿ ತಗೋ ಅಂದ್ರು."

"ಭೇಷ್! ಎಷ್ಟು ದಿನ?"

"ಅದು ಕಾಯಂ," ಎಂದ ಮಿಡತೆಮಾಮ.