ಕೇಕಿನ ಮೇಲೊಂದು ಹೀಬ್ರೂ ಶಬ್ದ

ಅರ್ಥ ಗೊತ್ತಿಲ್ಲದ ಶಬ್ದ ಬರೆದರೆ ದೀಪೇಶನಿಗೆ ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿದ ಹಾಗೆ. ಬಿಕರ್ನಕಟ್ಟೆಯ ಅವನ ಬೇಕರಿಗೆ ಆ ದಿನ ಬಂದದ್ದು ಅಂಥದೇ ಶಬ್ದ. ಜೋನ್ ಸರ್ ತಮ್ಮ ಮತ್ತು ರೊಸಾಲಿನ್ ಆಂಟಿಯ ಮದುವೆಯ ಬೆಳ್ಳಿಹಬ್ಬದ ಕೇಕಿನ ಮೇಲೆ ಬರೆಯಲು ಬೈಬಲ್ಲಿನ ಮೂರು ಹೀಬ್ರೂ ಅಕ್ಷರ ಕಳಿಸಿದ್ದರು. ದೀಪೇಶ ರಂಗೋಲಿ ಎಳೆದ ಹಾಗೆ ನೋಡಿ ನೋಡಿ ಕ್ರೀಮಿನಲ್ಲಿ ಬರೆದ. ಬರೆದ ಮೇಲೆ ತಡೆಯಲಾಗಲಿಲ್ಲ. ಪಕ್ಕದ ಫ್ಯಾನ್ಸಿ ಅಂಗಡಿಯ ಮುಫೀದಾಳನ್ನು ಕರೆದ.

ಅವಳು ಅನುವಾದದ ಆ್ಯಪ್ ತೆರೆದು ಅಕ್ಷರಕ್ಕೆ ಮೊಬೈಲು ಹಿಡಿದಳು.

“ಕಾರತ್ ಅಂತೆ ಅಣ್ಣ. ‘ಕತ್ತರಿಸಿದನು’ ಅಂತ ಅರ್ಥ!”

“ಎಂತ ಮಾರಾಯ್ತಿ! ಬೆಳ್ಳಿಹಬ್ಬಕ್ಕೆ ಕತ್ತರಿಸುವುದಾ?”

“ಪಾಪ, ರೊಸಾಲಿನ್ ಆಂಟಿ! ಇಷ್ಟು ವರ್ಷ ಸಂಸಾರ ಮಾಡಿ, ಎಲ್ಲರೆದುರು ಕೇಕಿನಲ್ಲಿ ಡೈವೋರ್ಸ್!”

ಜೋನ್ ಸರ್ ಫೋನು ಸ್ವಿಚ್ ಆಫ್. ಒಂದು ಸಂಸಾರ ಉಳಿಸುವ ಭಾರ ತನ್ನ ತಲೆಗೇ ಬಿತ್ತೆಂದು ದೀಪೇಶ ಶಬ್ದವನ್ನು ಕೆರೆದು ತೆಗೆದು, ಮೇಲೆ ಕ್ರೀಮಿನ ಗುಲಾಬಿ ಹೂ ಬಿಡಿಸಿದ. ಕೇಕು ಬಿದ್ದು ಪೆಟ್ಟಾಗಿ ಬ್ಯಾಂಡೇಜು ಸುತ್ತಿಸಿಕೊಂಡ ಹಾಗೆ ಕಂಡಿತು.

ಅಷ್ಟರಲ್ಲಿ ಗಂಡ ಹೆಂಡತಿ ರಿಕ್ಷಾದಿಂದ ಇಳಿದರು.

“ನನ್ನ ಶಬ್ದ ಎಲ್ಲಿ?” ಎಂದರು ಜೋನ್.

ದೀಪೇಶ ತಡವರಿಸಿದ. ಮುಫೀದಾ ತಡವರಿಸಲಿಲ್ಲ. “ಅದಕ್ಕೆ ಕತ್ತರಿಸುವುದು ಅಂತ ಅರ್ಥ ಉಂಟು ಸರ್.”

ರೊಸಾಲಿನ್ ಗಂಡನತ್ತ ತಿರುಗಿದ ರೀತಿಗೆ ದೀಪೇಶ ಎರಡು ಹೆಜ್ಜೆ ಹಿಂದೆ ಸರಿದ.

ಜೋನ್ ನಕ್ಕರು. “ಅರ್ಥ ಅದೇ. ಆದರೆ ಹೀಬ್ರೂವಿನಲ್ಲಿ ಒಡಂಬಡಿಕೆಯನ್ನು ‘ಮಾಡುವುದು’ ಅನ್ನುವುದಿಲ್ಲ, ‘ಕತ್ತರಿಸುವುದು’ ಅನ್ನುತ್ತಾರೆ. ದೇವರು ಅಬ್ರಹಾಮನಿಗೆ ಮಾತು ಕೊಟ್ಟಾಗ ಪ್ರಾಣಿಗಳನ್ನು ಹೋಳು ಮಾಡಿ ಇಟ್ಟಿದ್ದರು. ನಡುವೆ ಬೆಂಕಿ ಹಾದುಹೋಯಿತು. ಮಾತು ತಪ್ಪಿದರೆ ಈ ಹೋಳುಗಳ ಗತಿಯೇ ಬರಲಿ ಅಂತ. ನಾನು ಇವಳಿಗೆ ಕೊಟ್ಟ ಮಾತೂ ಅಷ್ಟೇ ಗಟ್ಟಿ.”

ಕತ್ತರಿಸಿದರೆ ಕೂಡಿಕೊಳ್ಳುವ ಭಾಷೆಯೂ ಉಂಟಲ್ಲ! ಎಂದುಕೊಂಡ ದೀಪೇಶ. ಹೂಗಳನ್ನು ತೆಗೆದು, ಮೊದಲಿಗಿಂತ ಚಂದವಾಗಿ ಮತ್ತೆ ಬರೆದ. ರೊಸಾಲಿನ್ ಕಣ್ಣೊರೆಸಿಕೊಂಡು ಶಿಲುಬೆಯ ಗುರುತು ಮಾಡಿದರು.

ಗೆದ್ದೆನೆಂದು ದೀಪೇಶ ಚೂರಿಗೆ ರಿಬ್ಬನು ಕಟ್ಟಿ ಪೆಟ್ಟಿಗೆಯಲ್ಲಿಟ್ಟ. ರೊಸಾಲಿನ್ ಅದನ್ನು ಹೊರಗೆ ತೆಗೆದರು.

“ಇದು ಎಂತಕ್ಕೆ?”

“ಕೇಕು ಕತ್ತರಿಸಲಿಕ್ಕೆ ಆಂಟಿ.”

“ದೇವರ ಶಬ್ದಕ್ಕೆ ಚೂರಿ ಹಾಕುವುದಾ? ಈ ಕೇಕು ನಮ್ಮ ಮನೆಯ ದೇವರ ಅಲ್ತಾರಿನ ಎದುರು ಇರಲಿ. ಕತ್ತರಿಸಲಿಕ್ಕೆ ಬೇರೆ ಮಾಡಿ. ಏಳು ಗಂಟೆಗೆ ಜನ ಬರ್ತಾರೆ.”

“ಆದರೆ ರೋಸಿ, ಆ ಶಬ್ದದ ಅರ್ಥವೇ ಕತ್ತರಿಸುವುದು...” ಎಂದರು ಜೋನ್.

“ಅದು ನಿಮಗೆ ಗೊತ್ತುಂಟಲ್ಲ, ಸಾಕು.”

ಜೋನ್ ಪೆಟ್ಟಿಗೆ ಎತ್ತಿಕೊಂಡು ರಿಕ್ಷಾ ಹತ್ತಿದರು. ಗಡಿಯಾರದಲ್ಲಿ ಐದೂವರೆ.

“ಹೊಸ ಕೇಕಿನ ಮೇಲೆ ಎಂತ ಬರೀತೀರಿ ಅಣ್ಣ?” ಎಂದು ಮುಫೀದಾ ಮೊಬೈಲು ತೆಗೆದಳು.

ದೀಪೇಶ ಮೊಟ್ಟೆ ಒಡೆಯತೊಡಗಿದ.