ಏಳನೇ ಮನೆಯ ಕಿಟಕಿಯ ಮುಂದೆ ನಿಂತು ಮಾತನಾಡುವ ಕುರಿತು

ಕೆರೆದಂಡೆ ವಸತಿ ಮತ್ತು ಬಿಸಿಲು ನಿಯಂತ್ರಣ ಇಲಾಖೆ
ಸಂಖ್ಯೆ: ಕೆವಬಿ/ಕಿಟಕಿ/ಮನೆ-7/ಹೊರಮುಖ

ಸುತ್ತೋಲೆ

ವಿಷಯ: ಕೆರೆಯತ್ತ ಮುಖ ಮಾಡಿದ ಕಿಟಕಿಗಳಿಗೆ ಬಿಸಿಲು ತಡೆಯುವ ಫಿಲ್ಮ್ ಅಂಟಿಸಿದ ಮೇಲೆ, ಹೊರಗೆ ನಿಂತವರು ಒಳಗೆ ಯಾರೂ ಇಲ್ಲವೆಂದು ತಿಳಿದು ನಡೆದುಕೊಳ್ಳುತ್ತಿರುವ ಬಗ್ಗೆ.

ಉಲ್ಲೇಖ: (ಅ) ಏಳನೇ ಮನೆಯ ಅಜ್ಜಿಯವರು ಕಚೇರಿಗೆ ಖುದ್ದಾಗಿ ಬಂದು, ಕೂರಿ ಎನ್ನುವ ಮೊದಲೇ ಕೂತು, ನೀಡಿದ ಮೌಖಿಕ ದೂರು.
(ಆ) ಇಲಾಖೆಯ ಫಿಲ್ಮ್ ತಪಾಸಕರು ಎದುರು ದಂಡೆಗೆ ವರ್ಗಾವಣೆ ಕೋರಿ, ಏದುಸಿರು ಬಿಡುತ್ತಾ ಮಾಡಿದ ಮನವಿ.

ಪ್ರಸ್ತಾವನೆ: ಕೆರೆ ಪಕ್ಕದ ಮನೆಗೆ ಬಿಸಿಲು ಎರಡು ಸಲ ಬೀಳುತ್ತದೆ, ಆಕಾಶದಿಂದ ಒಮ್ಮೆ, ನೀರಿನಿಂದ ಪುಟಿದು ಇನ್ನೊಮ್ಮೆ. ಇದರಿಂದ ಸೋಫಾಗಳು ಬಣ್ಣಗೆಟ್ಟು, ಪರದೆಗಳು ಜಾಳಾಗಿ, ಗೋಡೆಯ ಮೇಲಿನ ಮದುವೆ ಫೋಟೋಗಳಲ್ಲಿ ಗಂಡಂದಿರೇ ಮೊದಲು ಮಾಸಿಹೋಗುತ್ತಿರುವುದನ್ನು ಗಮನಿಸಿ, ಎಲ್ಲ ಕಿಟಕಿಗಳಿಗೂ ಫಿಲ್ಮ್ ಅಂಟಿಸಲು ಆದೇಶಿಸಲಾಗಿತ್ತು. ಏಳನೇ ಮನೆಯ ಮಗಳು ಹಳೆಯ ಸೋಫಾಗಳಿಗೆ ಹೊಸ ಬಟ್ಟೆ ಹೊದಿಸುವ ಕೆಲಸದವರು. ಗಿರಾಕಿಗಳು ಕೊಟ್ಟ ಕೆಂಪು ಬಟ್ಟೆ ಅವರ ಕೈಯಲ್ಲೇ ಗುಲಾಬಿಯಾಗುತ್ತಿದ್ದ ಕಾರಣ ಅವರ ಮನೆಗೇ ಮೊದಲು ಅಂಟಿಸಲಾಯಿತು. ಕೆಲಸ ಮುಗಿದ ಮೇಲೆ ತಪಾಸಕರು ಗಾಜಿಗೆ ಮೂಗು ತಾಗಿಸಿ ಪರೀಕ್ಷಿಸಿ, ‘ಹಗಲಿನಲ್ಲಿ ಹೊರಗಿನವರಿಗೆ ಒಳಗಿನದೇನೂ ಕಾಣುವುದಿಲ್ಲ, ಒಳಗಿನವರಿಗೆ ಹೊರಗಿನದೆಲ್ಲವೂ ಕಾಣುತ್ತದೆ’ ಎಂದು ದೃಢೀಕರಿಸಿದ್ದರು. ಈ ಮಾತಿನ ಎರಡನೇ ಅರ್ಧವನ್ನು ಅವರೇ ಮರೆತದ್ದು ಈ ಸುತ್ತೋಲೆಗೆ ಕಾರಣವಾಗಿರುತ್ತದೆ. ಆದ್ದರಿಂದ ಸಂಬಂಧಪಟ್ಟ ಎಲ್ಲರಿಗೂ ಕೆಳಕಂಡಂತೆ ತಿಳಿಯಪಡಿಸಲಾಗಿದೆ.

1. ಫಿಲ್ಮ್ ಅಂಟಿಸಿದ ಕಿಟಕಿಯು ಹೊರಗಿನಿಂದ ಕನ್ನಡಿಯಂತೆ ಕಂಡರೂ ಅದು ಕಿಟಕಿಯೇ ಆಗಿರುತ್ತದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಮಾತ್ರಕ್ಕೆ ಅಡುಗೆಮನೆಯಲ್ಲಿ ಕತ್ತಲಾಗುವುದಿಲ್ಲ ಎಂಬುದನ್ನು ಸಿಬ್ಬಂದಿ ಮನಗಾಣತಕ್ಕದ್ದು.

2. ದಂಡೆಯ ಮೇಲೆ ವಾಕಿಂಗ್ ಹೋಗುವವರು ಸದರಿ ಕಿಟಕಿಗಳ ಮುಂದೆ ತಲೆ ಬಾಚುವುದು, ಹಲ್ಲಿನ ಸಂದು ಪರಿಶೀಲಿಸುವುದು ಮತ್ತು ಹೊಟ್ಟೆಯನ್ನು ಒಳಗೆಳೆದು ಪಕ್ಕಕ್ಕೆ ತಿರುಗಿ ನೋಡಿಕೊಳ್ಳುವುದನ್ನು ನಿಷೇಧಿಸಿದೆ. ಈಗಾಗಲೇ ಒಳಗೆಳೆದವರು ಮನೆ ದಾಟುವವರೆಗೆ ಬಿಡತಕ್ಕದ್ದಲ್ಲ. ನೋಡುವವರಿಗೆ ಬೇಸರವಾಗುತ್ತದೆ.

3. ಒಳಗೆ ಕೂತವರು ಹೊರಗಿನವರಿಗೆ ಅಂಕ ನೀಡುವುದನ್ನು ಕೂಡಲೇ ನಿಲ್ಲಿಸತಕ್ಕದ್ದು. ನಾಲ್ಕನೇ ಮನೆಯವರು ಈ ಬಾಬ್ತು ನೆಂಟರನ್ನು ಊಟಕ್ಕೆ ಕರೆಯುತ್ತಿರುವುದೂ ಗಮನಕ್ಕೆ ಬಂದಿದೆ.

4. ಒಂದೇ ಕಿಟಕಿಯಲ್ಲಿ ಗುಳ್ಳೆ ಬಂದಿದೆಯೇ ಎಂದು ನೋಡಲು ತಪಾಸಕರು ಪ್ರತಿದಿನ ಹೋಗತಕ್ಕದ್ದಲ್ಲ. ಗುಳ್ಳೆ ಇಲ್ಲದಿದ್ದರೆ ಸಂತೋಷಪಟ್ಟು ಹಿಂದಿರುಗತಕ್ಕದ್ದೇ ಹೊರತು, ಮುಖ ಸಪ್ಪಗೆ ಮಾಡತಕ್ಕದ್ದಲ್ಲ. ‘ಅಂಚಿನಲ್ಲಿ ಏನೋ ಎದ್ದಂಗಿದೆ, ನಾಳೆ ಬಂದು ನೋಡ್ತೀನಿ’ ಎಂಬ ವಾಕ್ಯವನ್ನು ಇನ್ನು ಮುಂದೆ ಏಳನೇ ಮನೆಯಲ್ಲಿ ಬಳಸುವಂತಿಲ್ಲ. ಅಲ್ಲಿ ನೆಲೆ ನಿಲ್ಲದಿರುವುದು ಫಿಲ್ಮಿನ ಅಂಚಲ್ಲ, ತಪಾಸಕರ ಮನಸ್ಸು ಎಂಬುದು ಮನೆಯವರಿಗೆಲ್ಲ ತಿಳಿದಿರುತ್ತದೆ.

5. ಮದುವೆಯ ಪ್ರಸ್ತಾಪವನ್ನು ಅಭ್ಯಾಸ ಮಾಡಲು ಬಯಸುವ ನೌಕರರು, ಯಾರನ್ನು ಕೇಳಬೇಕೆಂದಿದ್ದಾರೋ ಅವರದೇ ಮನೆಯ ಕಿಟಕಿಯನ್ನು ಕನ್ನಡಿಯಾಗಿ ಬಳಸತಕ್ಕದ್ದಲ್ಲ. ಗಾಳಿಕಿಂಡಿ ತೆರೆದಿದ್ದಾಗ ಸುತರಾಂ ಬಳಸತಕ್ಕದ್ದಲ್ಲ.

6. ಮೇಲಿನ ನಿಯಮದ ಹಿನ್ನೆಲೆಯನ್ನು ಸಿಬ್ಬಂದಿಯ ತಿಳಿವಳಿಕೆಗಾಗಿ ಇಲ್ಲಿ ದಾಖಲಿಸಲಾಗಿದೆ. ಕಳೆದ ಭಾನುವಾರ ಮಧ್ಯಾಹ್ನ ತಪಾಸಕರು ಸದರಿ ಕಿಟಕಿಯ ಮುಂದೆ ನಿಂತು, ಒಳಗೆ ಯಾರೂ ಕಾಣದ ಕಾರಣ ಯಾರೂ ಇಲ್ಲವೆಂದು ತೀರ್ಮಾನಿಸಿ, ಕಾಲರ್ ಸರಿಮಾಡಿಕೊಂಡು, ‘ನೋಡಿ, ಈ ಫಿಲ್ಮು ಹತ್ತು ವರ್ಷ ಬಾಳಿಕೆ ಬರುತ್ತೆ. ನಾನು ಅದಕ್ಕಿಂತ ಸ್ವಲ್ಪ ಜಾಸ್ತೀನೇ ಬರ್ತೀನಿ’ ಎಂದು ಆರಂಭಿಸಿದ್ದಾರೆ. ಗಾಜಿನ ಆಚೆ, ಒಂದು ಮೊಳ ದೂರದಲ್ಲಿ, ಅಜ್ಜಿ, ಸೋದರಮಾವ ಹಾಗೂ ಸದರಿ ಮಗಳು ಟೀ ಕುಡಿಯುತ್ತಿದ್ದರು. ‘ವಾರಂಟಿ ಕಾರ್ಡ್ ಇದೆಯಾ ಕೇಳೇ’ ಎಂದು ಅಜ್ಜಿ ಮೊಮ್ಮಗಳ ಪಕ್ಕೆ ತಿವಿದರೆಂದೂ, ‘ಸುಮ್ನಿರಜ್ಜಿ, ಕೇಳಿಸ್ತಿಲ್ಲ’ ಎಂದು ಮೊಮ್ಮಗಳು ಗದರಿದರೆಂದೂ ಮಾವನವರ ಹೇಳಿಕೆ. ತಪಾಸಕರು ಮುಂದುವರಿದು, ‘ನೀವು ಸೋಫಾಕ್ಕೆ ಮೊಳೆ ಹೊಡೆಯೋವಾಗ ನಾಲ್ಕು ಮೊಳೆ ಬಾಯಲ್ಲಿಟ್ಕೊಂಡೇ ನನ್ನ ಬೈತೀರಲ್ಲ, ಅದು ಕೇಳದ ದಿನ ನಂಗೆ ಊಟ ಸೇರಲ್ಲ. ಅದಕ್ಕೇ, ನೀವು...’ ಎನ್ನುವಷ್ಟರಲ್ಲಿ ಕೆರೆಯ ಮೇಲೆ ಮೋಡ ಕವಿದು, ಅದೇ ಹೊತ್ತಿಗೆ ಅಜ್ಜಿ ಟ್ಯೂಬ್‌ಲೈಟ್ ಹಾಕಿದ್ದರಿಂದ, ಗಾಜು ತನ್ನ ಗುಣ ಬದಲಿಸಿ ಒಳಗಿನ ಮೂರೂ ಮುಖಗಳನ್ನು ತೋರಿಸಿದೆ. ತಪಾಸಕರು ಕಾಲಿಗೆ ಬುದ್ಧಿ ಹೇಳಿದ್ದಾರೆ.

7. ದೀಪ ಹಾಕಿದ್ದೇಕೆ ಎಂದು ವಿಚಾರಿಸಲಾಗಿ, ‘ಹುಡುಗ ಒಳ್ಳೆ ಮಾತಾಡ್ತಿದ್ದ. ಮುಖಾನೂ ಸರಿಯಾಗಿ ನೋಡೋಣ ಅಂತ ಹಾಕ್ದೆ. ತಪ್ಪಾ?’ ಎಂದು ಅಜ್ಜಿ ಮರುಪ್ರಶ್ನೆ ಹಾಕಿರುತ್ತಾರೆ. ತಪ್ಪಲ್ಲವೆಂದು ದಾಖಲಿಸಿಕೊಳ್ಳಲಾಗಿದೆ. ಆದಾಗ್ಯೂ, ಮೋಡ ಕವಿದ ವೇಳೆ ದೀಪ ಹಾಕುವ ಅಜ್ಜಿಯಂದಿರು ಇನ್ನು ಮುಂದೆ ಕನಿಷ್ಠ ಒಮ್ಮೆ ಕೆಮ್ಮತಕ್ಕದ್ದು.

8. ಮರುದಿನದಿಂದ ತಪಾಸಕರು ದಂಡೆಯ ದಾರಿ ಬಿಟ್ಟು ಮೀನಿನ ಮಾರ್ಕೆಟ್ಟು ಸುತ್ತಿಕೊಂಡು ಕಚೇರಿಗೆ ಬರುತ್ತಿದ್ದು, ಸಹೋದ್ಯೋಗಿಗಳಿಗೆ ಅದರ ವಾಸನೆಯಿಂದ ತೊಂದರೆಯಾಗಿದೆ. ‘ಅವರೆದುರು ಇನ್ಯಾವ ಮುಖ ಇಟ್ಕೊಂಡು ಹೋಗ್ಲಿ ಸಾರ್? ಆಕೆ ನಗ್ತಾ ಇದ್ರು’ ಎಂಬುದು ಅವರ ಅಳಲು. ನಗು ಹಲವು ಬಗೆಯದು. ಫಿಲ್ಮ್ ಮೂಲಕ ನೋಡಿದ ನಗುವಿನ ಬಗೆಯನ್ನು ನಿರ್ಧರಿಸಲು ಯಾವುದೇ ನೌಕರನಿಗೆ ಅಧಿಕಾರವಿರುವುದಿಲ್ಲ.

9. ಈ ಸಂಬಂಧ ಸದರಿ ಮಗಳನ್ನು ವಿಚಾರಿಸಲಾಗಿ, ‘ನಾನು ಸೋಫಾಕ್ಕೆ ಅರ್ಧ ಬಟ್ಟೆ ಹೊದಿಸಿ ಓಡಿಹೋದ್ರೆ ಗಿರಾಕಿ ಸುಮ್ನಿರ್ತಾರಾ? ಮಾತು ಶುರು ಮಾಡಿದವರು ಬಂದು ಮುಗಿಸ್ಲಿ. ಬಾಗಿಲಿಂದ ಬರ್ಲಿ’ ಎಂದಿರುತ್ತಾರೆ. ಅರ್ಧಕ್ಕೆ ನಿಂತ ಕಾಮಗಾರಿಯನ್ನು ಆರಂಭಿಸಿದವರೇ ಪೂರ್ಣಗೊಳಿಸಬೇಕೆಂಬುದು ಇಲಾಖೆಯ ನಿಲುವೂ ಆಗಿದೆ.

10. ಆದ್ದರಿಂದ ತಪಾಸಕರು ಬರುವ ಭಾನುವಾರ ಮಧ್ಯಾಹ್ನ ಏಳನೇ ಮನೆಗೆ ತೆರಳಿ, ಕಿಟಕಿಯನ್ನು ಒಳಗಿನಿಂದ ತಪಾಸಣೆ ಮಾಡಿ, ನಂತರ ‘ಅದಕ್ಕೇ, ನೀವು’ ಎಂಬಲ್ಲಿಂದ ಮುಂದುವರಿಸತಕ್ಕದ್ದು. ಬಾಳಿಕೆಯ ವಿಷಯವನ್ನು ಪುನಃ ಎತ್ತುವ ಅಗತ್ಯವಿಲ್ಲ. ಮಾವನವರು ಆ ವೇಳೆಗೆ ದೋಣಿ ವಿಹಾರಕ್ಕೆ ಹೋಗಲು ಒಪ್ಪಿರುತ್ತಾರೆ. ಅಜ್ಜಿ ಒಪ್ಪಿರುವುದಿಲ್ಲ.

(ಸಹಿ ಇದೆ)
ಹಿರಿಯ ಅಧೀಕ್ಷಕರು

ಪ್ರತಿಗಳು:
1. ಫಿಲ್ಮ್ ತಪಾಸಕರಿಗೆ. ಇಸ್ತ್ರಿ ಮಾಡಿದ ಅಂಗಿಯೊಂದಿಗೆ ಪಾಲನೆಗಾಗಿ.
2. ಏಳನೇ ಮನೆಯ ಅಜ್ಜಿಗೆ. ಕೆಮ್ಮುವ ಬಗ್ಗೆ.
3. ನಾಲ್ಕನೇ ಮನೆಯವರಿಗೆ. ಭಾನುವಾರದ ಕಾರ್ಯಕ್ರಮ ಕಿಟಕಿಯಲ್ಲಿ ಕಾಣಸಿಗದು, ನೆಂಟರನ್ನು ಕರೆಯಬಾರದು.
4. ಏಳನೇ ಮನೆಯ ಮಗಳಿಗೆ. ಅವರ ಉತ್ತರ ಕಚೇರಿಗೆ ಮುಂಗಡವಾಗಿ ತಲುಪಿದೆ. ‘ಅವರಿಗೆ ಹೇಳ್ಬೇಡಿ, ಸ್ವಲ್ಪ ಬೆವರ್ಲಿ’ ಎಂದು ಕೋರಿದ್ದರಿಂದ ಇಲ್ಲಿ ನಮೂದಿಸಿಲ್ಲ.
5. ಎದುರು ದಂಡೆಯ ಶಾಖಾ ಕಚೇರಿಗೆ. ತಪಾಸಕರು ಅಲ್ಲಿಗೆ ಬರುತ್ತಿಲ್ಲ. ಅವರಿಗೆಂದು ಒರೆಸಿಟ್ಟ ಕುರ್ಚಿಯನ್ನು ಬೇರೆಯವರಿಗೆ ಕೊಡಬಹುದು.